ವಿಲಂಬಿತಕ್ಕೆ ವೇಳೆ ಕೊಡಿರಿ

ಹಾನಗಲ್ಲಿನ ಹೆಸರನ್ನು ದೇಶಾಂತರಗಳಿಗೊಯ್ದ ಗಂಗೂಬಾಯಿಯವರು (1913–2009), ಗುರು ಸವಾಯಿ ಗಂಧರ್ವರ ಕಿರಾಣಾ ಪದ್ಧತಿಯಂತೆ, ಗಂಭೀರಕಂಠದಿಂದ ವಿಲಂಬಿತದಲ್ಲಿ ಒಂದೊಂದೇ ಸ್ವರವನ್ನು ನೆಲೆಗೊಳಿಸುತ್ತ ರಾಗವನ್ನು ಬೆಳೆಸುತ್ತಿದ್ದರು. ಇಂಥ ನಿರಾಡಂಬರ ಗಾಯನಕ್ಕೆ ಕುಳಿತ ರಸಿಕರಲ್ಲಿ ಕೆಲವರು ಕಣ್ಮುಚ್ಚಿ ತಲ್ಲೀನರಾಗುವುದೂ, ತಾನುಗಳ ಮಿಂಚನ್ನು ಅಪೇಕ್ಷಿಸಿ ಬಂದವರು ಚಡಪಡಿಸಿ ಮೇಲೇಳುವುದೂ ಇಂದಿಗೂ ಕಾಣುವ ಸಂಗತಿ. ಎದ್ದವರನ್ನು ಅರಸಿಕರೆಂದು ಹಳಿಯಲು ನಮಗೆ ಮನಸ್ಸಿಲ್ಲ. ದ್ರುತದ ಸೊಗಸೂ ಸಂಗೀತದ್ದೇ. ಆದರೆ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಜನಿಸಿದ ಕಾಡಶೆಟ್ಟಿಹಳ್ಳಿಯನ್ನೂ, ಶರೀಫರ ಶಿಶುನಾಳವನ್ನೂ ಮಡಿಲಲ್ಲಿಟ್ಟುಕೊಂಡ ಈ ಸೀಮೆಯಲ್ಲಿ, ಸವಣೂರು, ಹಿರೇಕೆರೂರುಗಳ ವ್ಯವಸ್ಥಾಪಕರು ಗಾಯಕರಿಗೆ ಭಾಷಣಗಳ ನಡುವೆ ಇಪ್ಪತ್ತು ನಿಮಿಷವನ್ನಿತ್ತು, ಕರ್ಕಶ ಧ್ವನಿವರ್ಧಕದ ಮುಂದೆ ಕೂರಿಸಿದರೆ, ಶ್ರೋತೃಗಳ ತಾಳ್ಮೆಯನ್ನು ದೂರುವುದು ನ್ಯಾಯವಲ್ಲ. ತಂಬೂರಿಯ ಶ್ರುತಿ ಹಿಂದಿನ ಸಾಲಿಗೂ ಕೇಳಲಿ. ಒಂದು ರಾಗಕ್ಕೆ ಪೂರ್ಣ ಒಂದು ಗಂಟೆ ದೊರೆಯಲಿ.