ಕಲಿತ ಸ್ವರಕ್ಕೆ ವೇದಿಕೆ ಬೇಕು

ಸಂಗೀತವು ಕಿವಿಯಿಂದ ಕಿವಿಗೆ ಹರಿದುಬರುವ ವಿದ್ಯೆ. ಪುಸ್ತಕದಲ್ಲಿ ಬರೆದಿಟ್ಟ ಸ್ವರವು ಹಾಡುವವನ ಕಂಠವನ್ನೂ ಕೇಳುವವನ ಕಿವಿಯನ್ನೂ ಸೇರುವವರೆಗೆ ಬರಿಯ ಅಕ್ಷರವಾಗಿಯೇ ಉಳಿಯುತ್ತದೆ. ಆದುದರಿಂದ ಶಾಲೆಯೊಂದರಲ್ಲಿ ಸಂಗೀತದ ಪಾಠವುಂಟೇ ಎಂದು ವಿಚಾರಿಸುವುದರೊಡನೆ, ಅಲ್ಲಿ ಕಲಿತ ಮಗುವಿಗೆ ನಾಲ್ವರೆದುರು ಹಾಡುವ ಅವಕಾಶವು ವರ್ಷಕ್ಕೆ ಎಷ್ಟು ಸಲ ದೊರೆಯುತ್ತದೆಂಬುದನ್ನೂ ವಿಚಾರಿಸಬೇಕಾಗುತ್ತದೆ. ಮೊದಲನೆಯ ಪ್ರಶ್ನೆಗೆ ಸಮಾಧಾನಕರ ಉತ್ತರ ಕೊಡಬಲ್ಲ ಶಾಲೆಗಳು ಕೆಲವಿವೆ. ಎರಡನೆಯದಕ್ಕೆ ಕೊಡಬಲ್ಲವು ತೀರ ವಿರಳ.

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಪೋತ್ನಾಳದ ಸೀಮೆಗೆ ಹಾಡು ಹೊರಗಿನಿಂದ ಬರಬೇಕಾದ ವಸ್ತುವಲ್ಲ. ವಿಜಯದಾಸರ ಚೀಕಲಪರ್ವಿ ಮಾನ್ವಿ ತಾಲ್ಲೂಕಿನದು. ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರು ನೆಲೆಸಿದ್ದು ಮಾನ್ವಿಯಲ್ಲಿ. ವಚನಗಾಯನದಿಂದ ನಾಡಿಗೆಲ್ಲ ಪರಿಚಿತರಾದ ಸಿದ್ಧರಾಮ ಜಂಬಲದಿನ್ನಿಯವರು ರಾಯಚೂರು ಜಿಲ್ಲೆಯವರೇ. ರಾಯಚೂರು ನಗರದ ರಂಗಮಂದಿರವು ಅವರ ಹೆಸರನ್ನು ಹೊತ್ತು ನಿಂತಿದೆ. ಶ್ರಾವಣದಲ್ಲಿ ಪುರಾಣ, ಮೊಹರಮ್ಮಿನಲ್ಲಿ ರಿವಾಯತ ಪದ, ಅಮಾವಾಸ್ಯೆಯ ರಾತ್ರಿ ಗುಡಿಯಲ್ಲಿ ಭಜನೆ, ಸುಗ್ಗಿ ಮುಗಿದ ಮೇಲೆ ಬಯಲಾಟ, ಇವುಗಳನ್ನು ಕೇಳುತ್ತಲೇ ಈ ಭಾಗದ ಮಗುವು ಬೆಳೆಯುತ್ತದೆ. ತಾಳವೆಂದರೇನೆಂದು ವಿವರಿಸುವ ಮೊದಲೇ ಅದರ ಕೈ ತಾಳ ಹಾಕಬಲ್ಲದು. ಇಷ್ಟು ಸಂಪತ್ತನ್ನು ಹೊತ್ತು ಬಂದ ಮಗು ಶಾಲೆಯ ಬಾಗಿಲಲ್ಲಿ ಅದನ್ನು ಕೆಳಗಿಳಿಸಿ ಒಳಗೆ ಹೋಗುವಂತಾದರೆ ಅದು ಶಿಕ್ಷಣದ ಸೋಲೆಂದೇ ಹೇಳಬೇಕು.

ಅನೇಕ ಶಾಲೆಗಳಲ್ಲಿ ಇಂದು ನಡೆಯುತ್ತಿರುವುದು ಬಹುಮಟ್ಟಿಗೆ ಇದೇ. ಹಾರ್ಮೋನಿಯಂ ಇದ್ದರೆ ಅದು ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಪ್ರಾರ್ಥನೆಯನ್ನು ವರ್ಷವಿಡೀ ಆಯ್ದ ಅದೇ ಮೂರು ನಾಲ್ಕು ಕಂಠಗಳೇ ಹಾಡುತ್ತವೆ. ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಧ್ವನಿವರ್ಧಕವು ಚಲನಚಿತ್ರದ ಗೀತೆಯನ್ನು ಹಾಡುತ್ತದೆ, ಮಕ್ಕಳು ಕುಣಿಯುತ್ತಾರೆ. ಕುಣಿತವನ್ನು ಯಾರೂ ಹಳಿಯಬೇಕಾಗಿಲ್ಲ. ಗೀತ, ವಾದ್ಯ, ನೃತ್ಯಗಳು ಮೂರೂ ಸೇರಿದರೆ ಸಂಗೀತವೆಂದು ಹದಿಮೂರನೆಯ ಶತಮಾನದಲ್ಲಿಯೇ ಶಾರ್ಙ್ಗದೇವನು ಹೇಳಿದ್ದಾನೆ. ಆದರೆ ಆ ಮೂರರಲ್ಲಿ ಎರಡನ್ನು ಯಂತ್ರಕ್ಕೆ ಒಪ್ಪಿಸಿ ಒಂದನ್ನು ಮಾತ್ರ ಮಕ್ಕಳಿಗೆ ಬಿಟ್ಟರೆ ಅದನ್ನು ಸಂಗೀತ ಶಿಕ್ಷಣವೆಂದು ಕರೆಯುವುದು ಹೇಗೆ? ಇಲಾಖೆಯ ಪ್ರತಿಭಾ ಕಾರಂಜಿಯು ಒಳ್ಳೆಯ ಏರ್ಪಾಡೇ ಸರಿ. ಆದರೆ ಅದು ಸ್ಪರ್ಧೆ. ಗೆಲ್ಲಬಲ್ಲವರನ್ನು ಆರಿಸುವುದು ಸ್ಪರ್ಧೆಯ ಧರ್ಮ. ಎಲ್ಲರನ್ನೂ ಬೆಳೆಸುವುದು ಶಾಲೆಯ ಧರ್ಮ.

ಈ ವಿಷಯದಲ್ಲಿ ದಾರಿ ತೋರುವ ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು ಹುಟ್ಟು ಕುರುಡರು. ಆ ಬಾಲಕನ ಕಂಠದ ಗುಣವನ್ನರಿತು ವಿದ್ಯೆಗೆ ಹಚ್ಚಿದವರು ಹಾನಗಲ್ಲ ಕುಮಾರಸ್ವಾಮಿಗಳು. ಗವಾಯಿಗಳು ಕರ್ನಾಟಕ, ಹಿಂದೂಸ್ಥಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ, ಅಂಧರೂ ಅನಾಥರೂ ಆದ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸುತ್ತ ಪಾಠ ಹೇಳಿದರು. ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ಸ್ಥಿರವಾಗಿ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ ಆ ಭಾರವನ್ನು ಹೊತ್ತರು. ಬಸವರಾಜ ರಾಜಗುರುಗಳಂಥ ಗಾಯಕರು ಆ ಪರಂಪರೆಯಿಂದ ಬಂದರು. ಜಂಬಲದಿನ್ನಿಯವರೂ ಪಂಚಾಕ್ಷರ ಗವಾಯಿಗಳ ಶಿಷ್ಯರೇ.

ಆ ಆಶ್ರಮದ ಹಿರಿಮೆಯು ಪಾಠದಲ್ಲಿ ಎಷ್ಟಿತ್ತೋ ಪ್ರಯೋಗದಲ್ಲಿಯೂ ಅಷ್ಟೇ ಇತ್ತು. ಅಲ್ಲಿ ಕಲಿತವರು ಜಾತ್ರೆಯಲ್ಲಿ ಹಾಡಿದರು, ಪುರಾಣ ಪ್ರವಚನಗಳಿಗೆ ಹಾರ್ಮೋನಿಯಂ ತಬಲಾಗಳ ಸಾಥ್ ನೀಡಿದರು. ಆಶ್ರಮಕ್ಕೆ ಅನ್ನದ ಕೊರತೆ ಒದಗಿದಾಗ ನಾಟಕ ಸಂಘವನ್ನೇ ಕಟ್ಟಲಾಯಿತು. ಅದು ಗಳಿಕೆಯ ಮಾರ್ಗವೂ ಆಯಿತು, ಶಿಷ್ಯರಿಗೆ ರಂಗವೂ ಆಯಿತು. ಮಲ್ಲಿಕಾರ್ಜುನ ಮನಸೂರರು ಕೂಡ ಬಾಲ್ಯದಲ್ಲಿ ನಾಟಕ ಮಂಡಳಿಯಲ್ಲಿದ್ದು ಹಾಡಿದವರೇ. ಪೂರ್ಣ ಕಲಿತ ಮೇಲೆ ಹಾಡಬೇಕೆಂದು ಅವರಾರೂ ಕಾದು ಕುಳಿತಿರಲಿಲ್ಲ. ಹಾಡುತ್ತ ಕಲಿತರು, ತಪ್ಪುತ್ತ ತಿದ್ದಿಕೊಂಡರು.

ಸಾಮಾನ್ಯ ಶಾಲೆಯೊಂದು ಗದುಗಿನ ಆಶ್ರಮವಾಗಬೇಕೆಂದು ಯಾರೂ ಬಯಸರು. ಆದರೆ ಆ ತತ್ತ್ವವನ್ನು ಅನುಸರಿಸಲು ಕಷ್ಟವೇನಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಎಂಟನೆಯ ತರಗತಿಗಳಿಗೆ ವರ್ಷಕ್ಕೆ 220 ಶಾಲಾ ದಿನಗಳನ್ನು ವಿಧಿಸುತ್ತದೆ. ಪ್ರತಿದಿನ ಪ್ರಾರ್ಥನೆಯ ತರುವಾಯ ಇಬ್ಬರು ಮಕ್ಕಳು ಮೂರು ಮೂರು ನಿಮಿಷ ಹಾಡಿದರೆ ವರ್ಷಕ್ಕೆ 440 ಸರದಿಗಳು ಬಂದವು. ಮುನ್ನೂರು ಮಕ್ಕಳ ಶಾಲೆಯಲ್ಲಿ ಪ್ರತಿಯೊಂದು ಮಗುವೂ ಒಮ್ಮೆ ಎದ್ದು ನಿಂತು ಹಾಡಿ, ನೂರಾ ನಲವತ್ತು ಮಕ್ಕಳು ಎರಡನೆಯ ಸಲವೂ ಹಾಡಬಹುದು. ಇದಕ್ಕೆ ಬೇಕಾದುದು ದಿನಕ್ಕೆ ಆರು ನಿಮಿಷ ಮಾತ್ರ. ವಚನವಾಗಲಿ, ದಾಸರ ಪದವಾಗಲಿ, ಅಜ್ಜಿ ಕಲಿಸಿದ ಬೀಸುವ ಪದವಾಗಲಿ, ಮನೆಯಿಂದ ತಂದ ಹಾಡಿಗೆ ಅಲ್ಲಿ ಮನ್ನಣೆಯಿರಬೇಕು. ಶ್ರುತಿ ತಪ್ಪಿದ ಮಗುವನ್ನು ನೋಡಿ ನಗದಿರುವುದನ್ನು ಕೇಳುವ ಮಕ್ಕಳು ಕಲಿಯಬೇಕು. ಅದೂ ಸಂಗೀತ ಶಿಕ್ಷಣದ ಒಂದು ಅಂಗವೇ. ಶ್ರಾವಣ ಮಾಸದ ಪ್ರವಚನಕ್ಕೆ ಮುನ್ನ ಮಠದ ವೇದಿಕೆಯಲ್ಲಿ ದಿನಕ್ಕೊಂದು ಮಗು ಹಾಡಿದರೆ ಊರಿನ ಹಿರಿಯರ ಕಿವಿಯೂ ಅದಕ್ಕೆ ದೊರೆಯುತ್ತದೆ.

ಹಾಡಿನಿಂದ ಹೊಟ್ಟೆ ತುಂಬೀತೇ, ಎಸ್.ಎಸ್.ಎಲ್.ಸಿ. ಅಂಕ ಬಂದೀತೇ ಎಂದು ಪಾಲಕರು ಕೇಳುತ್ತಾರೆ. ಮಳೆಯನ್ನೂ ಕಾಲುವೆಯ ನೀರನ್ನೂ ನಂಬಿ ಬಾಳುವ ರೈತನ ಈ ಪ್ರಶ್ನೆಯನ್ನು ಹಗುರಾಗಿ ಕಾಣಲಾಗದು. ಹಾಡಿದ ಮಕ್ಕಳೆಲ್ಲ ಗವಾಯಿಗಳಾಗುವುದಿಲ್ಲವೆಂಬುದೂ ಸತ್ಯ. ಆದರೆ ಸಭೆಯೆದುರು ಕಂಪಿಸದೆ ನಿಂತು ಉಚ್ಚಾರ ತಪ್ಪದೆ ಮೂರು ನಿಮಿಷ ಹಾಡಿದ ಹುಡುಗಿಯು ಮುಂದೆ ಕಚೇರಿಯಲ್ಲಾಗಲಿ ಪಂಚಾಯಿತಿಯಲ್ಲಾಗಲಿ ತನ್ನ ಮಾತನ್ನು ನುಂಗಿಕೊಳ್ಳುವವಳಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ವ್ಯಾಕರಣದ ಪಾಠಕ್ಕಿಂತ ಶೀಘ್ರವಾಗಿ ಕಲಿಸುವುದು ಹಾಡು.

ದಾನಿಗಳಲ್ಲಿ ಒಂದು ನಿವೇದನೆಯುಂಟು. ಕೋಣೆ ಕಟ್ಟಿಸಿಕೊಟ್ಟವರ ಹೆಸರು ಶಿಲೆಯಲ್ಲಿ ಉಳಿಯುತ್ತದೆ, ಅದು ಯೋಗ್ಯವೇ. ಆದರೆ ಕಲಿಸುವವರಿಲ್ಲದ ಶಾಲೆಯಲ್ಲಿ ವಾದ್ಯವು ಇಲಿಗೆ ಆಹಾರವಾಗುತ್ತದೆ. ಬಹುಮಾನದ ಢಾಲುಗಳಿಗೂ ಸಮ್ಮೇಳನದ ಶಾಮಿಯಾನಕ್ಕೂ ವೆಚ್ಚವಾಗುವ ಹಣದಲ್ಲಿ ಒಂದು ಪಾಲನ್ನು ದತ್ತಿಯಾಗಿರಿಸಿ, ಅದರ ಬಡ್ಡಿಯಿಂದ ಸಂಗೀತ ಅಧ್ಯಾಪಕರ ಗೌರವಧನಕ್ಕೆ ನೆರವಾದರೆ ಆ ದಾನವು ವರ್ಷ ವರ್ಷವೂ ಹಾಡುತ್ತಿರುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ತಬಲಾ, ಹಾರ್ಮೋನಿಯಂ ಬಲ್ಲವರು ವಾರಕ್ಕೊಂದು ಸಂಜೆಯನ್ನು ಕೊಟ್ಟರೂ ಅದು ಧನಕ್ಕಿಂತ ಕಡಿಮೆಯ ದಾನವಲ್ಲ.

ಕಪಾಟಿನ ಬೀಗದ ಕೈ ಅಧ್ಯಾಪಕರಲ್ಲಿದೆ. ಅದನ್ನು ತೆರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಬರುವ ಶ್ರಾವಣದೊಳಗೆ ಆ ಕಾರ್ಯ ನೆರವೇರಲಿ. ಇದುವರೆಗೆ ಎದ್ದು ನಿಲ್ಲದ ಮಗುವೊಂದು ಎದ್ದು ನಿಂತು ಹಾಡಲಿ.