ಮಿನುಗು ಮೈಗಿರಲಿ, ಹೊಳೆಗೆ ಬೇಡ

ಮೈಗೆ ಗ್ಲಿಟರ್ ಬಳಿದು ಹೊಳೆದಂಡೆಯಲ್ಲಿ ಫೋಟೋ ತೆಗೆಯೋ ಪ್ರಯೋಗ ನನಗೂ ಇಷ್ಟ. ಒಂದೊಂದು ಚೂರೂ ಪುಟಾಣಿ ಕನ್ನಡಿ ಇದ್ದ ಹಾಗೆ! ಆದರೆ ಆ ಚೂರು ಹೆಚ್ಚಾಗಿ ಅಲ್ಯೂಮಿನಿಯಂ ಲೇಪಿಸಿದ ಪಾಲಿಯೆಸ್ಟರ್, ಅಂದ್ರೆ ಪ್ಲಾಸ್ಟಿಕ್. ಗಾಳಿಗೆ ಹಾರಿದ್ದನ್ನ, ನೀರಲ್ಲಿ ತೊಳೆದದ್ದನ್ನ ಮತ್ತೆ ಹೆಕ್ಕೋಕಾಗಲ್ಲ. ಐರೋಪ್ಯ ಒಕ್ಕೂಟ 2023ರ ಅಕ್ಟೋಬರಿನಲ್ಲಿ ಕರಕುಶಲಕ್ಕೆ ಬಳಸೋ ಬಿಡಿ ಪ್ಲಾಸ್ಟಿಕ್ ಗ್ಲಿಟರಿನ ಮಾರಾಟಕ್ಕೆ ತಡೆ ಹಾಕಿತು. ಮೇಕಪ್ಪಿಗೆ ಮಾತ್ರ 2035ರ ತನಕ ಗಡುವು. ಹೊಳೆಗೆ ಈ ವ್ಯತ್ಯಾಸ ಗೊತ್ತಾಗುತ್ತಾ?

ಹಾಗಂತ ಮಿನುಗೇ ಬೇಡ ಅಂತಲ್ಲ. ನಮ್ಮ ಕಾಗೆಬಂಗಾರ, ಅದೇ ಅಭ್ರಕ, ಪ್ಲಾಸ್ಟಿಕ್ ಅಲ್ಲ, ಖನಿಜ. ಮೇಕಪ್ಪಿಗೆಂದೇ ಮಾಡಿದ ಅದರ ಪುಡಿ ಸಿಗುತ್ತೆ. ಅದೂ ಪೂರ್ತಿ ಶುದ್ಧ ಅನ್ನೋ ಹಾಗಿಲ್ಲ, ಜಾರ್ಖಂಡಿನ ಅಭ್ರಕದ ಗಣಿಗಳಲ್ಲಿ ಮಕ್ಕಳು ದುಡಿದಿದ್ದಾರೆ. ಹಾಗಾಗಿ ಎಲ್ಲಿಂದ ಬಂತು ಅಂತ ಕೇಳಿ ಕೊಳ್ಳಬೇಕು, ಕಮ್ಮಿ ಬಳಸಬೇಕು.

ಕಮ್ಮಿಯಾದ್ರೆ ಚಿತ್ರ ಸಪ್ಪೆ ಆಗುತ್ತಾ? ಖಂಡಿತ ಇಲ್ಲ. ಸಂಜೆ ಬಿಸಿಲು ಓರೆಯಾಗಿ ಹಿಂದಿನಿಂದ ಬೀಳಲಿ, ಹಿನ್ನೆಲೆಯಲ್ಲಿ ಮರದ ನೆರಳಿರಲಿ, ಭುಜದ ಮೇಲೊಂದು ಚಿಟಿಕೆ ಪುಡಿ ಸಾಕು. ಅಪರ್ಚರ್ ಅಗಲಿಸಿದ್ರೆ ಫೋಕಸ್ಸಿನಾಚೆಯ ಚುಕ್ಕಿಗಳು ಬೆಳಕಿನ ಬಿಲ್ಲೆಗಳಾಗುತ್ತವೆ. ಆಮೇಲೆ ಹೊಳೆಗಿಳಿಯೋ ಬದಲು ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನ ಚೀಲಕ್ಕೆ ಹಾಕ್ಕೊಂಡು ಬನ್ನಿ.

ಬೆಳಕು ನೋಡೋಕೆ ಬಾರದವರಿಗೇ ಡಬ್ಬಿಗಟ್ಟಲೆ ಗ್ಲಿಟರ್ ಬೇಕು ಅನ್ನೋದು ನನ್ನ ವಾದ. ನೀವೇನಂತೀರಿ?