ಹದಿನಾಲ್ಕು ಜನರ ಊರು

ಅಮೆರಿಕ ಸಂಯುಕ್ತ ಸಂಸ್ಥಾನಗಳ ನಟ್ಟನಡುವೆ ಕ್ಯಾನ್ಸಾಸ್ ಎಂಬ ಸಂಸ್ಥಾನವುಂಟು. ಅದರ ವಾಯವ್ಯ ಭಾಗದಲ್ಲಿ, 24ನೆಯ ನಂಬರಿನ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಸಾಗುವ ಪ್ರವಾಸಿಗೆ ಇಕ್ಕೆಲಗಳಲ್ಲಿಯೂ ಕಾಣುವುದು ಗೋಧಿಯ ಹೊಲ, ಹುಲ್ಲಿನ ಬಯಲು, ಮತ್ತು ಇವೆರಡನ್ನೂ ನುಂಗಿಬಿಡುವಷ್ಟು ವಿಸ್ತಾರವಾದ ಆಕಾಶ. ಒಂದು ಕಡೆ ರಸ್ತೆಯ ಪಕ್ಕದಲ್ಲಿ ಕೆಲವು ಮನೆಗಳೂ ಸುಣ್ಣಕಲ್ಲಿನ ಒಂದೆರಡು ಹಳೆಯ ಕಟ್ಟಡಗಳೂ ಗೋಚರಿಸುತ್ತವೆ. ಇದೇನೆಂದು ಕೇಳುವಷ್ಟರಲ್ಲಿ ಊರು ಹಿಂದೆ ಬಿದ್ದಿರುತ್ತದೆ. ಇದೇ ನಿಕೊಡೆಮಸ್. 2020ನೆಯ ಇಸವಿಯ ಖಾನೇಸುಮಾರಿಯ ಪ್ರಕಾರ ಇಲ್ಲಿಯ ಜನಸಂಖ್ಯೆ 14.

ಅವಿಭಕ್ತ ಕುಟುಂಬವೊಂದರ ಹಬ್ಬದೂಟಕ್ಕೆ ಹಾಕಿದ ಒಂದು ಪಂಕ್ತಿಯನ್ನು ತುಂಬಲಾರದ ಸಂಖ್ಯೆ ಇದು. ಇಷ್ಟು ಜನರಿರುವ ಸ್ಥಳವನ್ನು ಊರೆನ್ನಬಹುದೇ ಎಂದು ಯಾರಿಗಾದರೂ ಸಂದೇಹ ಬಂದರೆ ಆಶ್ಚರ್ಯವಿಲ್ಲ. ಆದರೂ ಅಮೆರಿಕದ ಕೇಂದ್ರ ಸರ್ಕಾರವು 1996ರ ನವೆಂಬರಿನಲ್ಲಿ ಈ ಊರನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಿ ಅದರ ರಕ್ಷಣೆಯ ಹೊಣೆಯನ್ನು ಹೊತ್ತಿದೆ. ಅದರ ಕಾರಣವನ್ನು ತಿಳಿಯಬೇಕಾದರೆ ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಗಬೇಕು.

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿಯಿತು. ಗುಲಾಮಗಿರಿ ಕಾನೂನಿನಿಂದ ತೊಡೆದುಹೋಯಿತು. ಆದರೆ ಬಿಡುಗಡೆ ಹೊಂದಿದವರ ಕೈಯಲ್ಲಿ ಅಂಗೈಯಗಲ ನೆಲವಿರಲಿಲ್ಲ. ನಿನ್ನೆಯವರೆಗೆ ಯಜಮಾನನಾಗಿದ್ದವನ ಹೊಲದಲ್ಲಿಯೇ ಇಂದು ಕೂಲಿಯಾಗಿ, ಪಾಲುಗಾರನಾಗಿ ದುಡಿಯಬೇಕು. ಅವರ ರಕ್ಷಣೆಗೆಂದು ದಕ್ಷಿಣದಲ್ಲಿ ನಿಲ್ಲಿಸಿದ್ದ ಸೇನೆಯನ್ನು 1877ರಲ್ಲಿ ಹಿಂದಕ್ಕೆ ಕರೆಸಿಕೊಂಡ ಮೇಲಂತೂ ಭಯವೂ ಬಡತನವೂ ಜೊತೆಜೊತೆಯಾಗಿ ಬೆಳೆದವು. ಅತ್ತ ಕ್ಯಾನ್ಸಾಸ್ ಸಂಸ್ಥಾನವು ಗುಲಾಮಗಿರಿಯನ್ನು ನಿರಾಕರಿಸಿಯೇ 1861ರಲ್ಲಿ ಒಕ್ಕೂಟವನ್ನು ಸೇರಿದ ನಾಡು. 1862ರ ಕಾನೂನಿನಂತೆ ಐದು ವರ್ಷ ನೆಲದ ಮೇಲೆ ವಾಸಿಸಿ ಸಾಗುವಳಿ ಮಾಡಿದವನಿಗೆ 160 ಎಕರೆ ಭೂಮಿ ಸ್ವಂತವಾಗುತ್ತಿತ್ತು. ಕಪ್ಪು ಜನರ ಮನಸ್ಸಿನಲ್ಲಿ ಕ್ಯಾನ್ಸಾಸ್ ಎಂಬ ಹೆಸರು ಪುಣ್ಯಭೂಮಿಯ ಹೆಸರಿನಂತೆ ಮೊಳಗಿದ್ದು ಸಹಜವೇ.

ಆ 1877ರ ಏಪ್ರಿಲಿನಲ್ಲಿ ಊರು ಕಟ್ಟುವ ಒಂದು ಕಂಪನಿ ಹುಟ್ಟಿತು. ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಭೂವ್ಯಾಪಾರಿಯೂ ಡಬ್ಲ್ಯು. ಎಚ್. ಸ್ಮಿತ್ ಮೊದಲಾದ ಕಪ್ಪು ಮುಖಂಡರೂ ಅದರಲ್ಲಿದ್ದರು, ಅಧ್ಯಕ್ಷತೆ ಸ್ಮಿತ್‌ನದು. ಕೆಂಟಕಿ ಸಂಸ್ಥಾನದ ಲೆಕ್ಸಿಂಗ್ಟನ್ ಸುತ್ತಮುತ್ತ ಕರಪತ್ರಗಳು ಹಂಚಲ್ಪಟ್ಟವು. ಐದು ಡಾಲರು ಕೊಟ್ಟವರು ಸೆಪ್ಟೆಂಬರಿನಲ್ಲಿ ಹೊರಡುವ ತಂಡವನ್ನು ಸೇರಬಹುದು. ಸಾಲಮನ್ ನದಿಯ ಕಣಿವೆಯಲ್ಲಿ ಫಲವತ್ತಾದ ನೆಲ ಅವರಿಗಾಗಿ ಕಾದಿದೆ. ಅಂಥ ಸೊಗಸಾದ ನಾಡು ಮತ್ತೊಂದಿಲ್ಲ. ಹೀಗೆ ಹೊರಟಿತು ವರ್ಣನೆ. ನಿವೇಶನ ಮಾರುವವರ ಭಾಷೆ ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಒಂದೇ ಆಗಿರುವುದು ವಿಚಿತ್ರ. ಊರಿಗೆ ನಿಕೊಡೆಮಸ್ ಎಂಬ ಹೆಸರು ಬಂದ ಬಗೆಯನ್ನು ಕುರಿತು ಎರಡು ಮಾತುಗಳಿವೆ. ಬೈಬಲ್ಲಿನಲ್ಲಿ ಬರುವ ನಿಕೊಡೆಮಸನ ಹೆಸರಿದು ಎನ್ನುವವರುಂಟು. ತನ್ನ ಬಿಡುಗಡೆಯನ್ನು ತಾನೇ ಹಣ ತೆತ್ತು ಕೊಂಡನೆನ್ನಲಾದ ಆಫ್ರಿಕದ ಒಬ್ಬ ಗುಲಾಮನ ಹೆಸರಿದು ಎನ್ನುವವರೂ ಉಂಟು. 1864ರಲ್ಲಿ ಹೆನ್ರಿ ಕ್ಲೇ ವರ್ಕ್ ಎಂಬವನು ನಿಕೊಡೆಮಸ್ ಎಂಬ ಮುದಿ ಗುಲಾಮನನ್ನು ಕುರಿತು ರಚಿಸಿದ ಹಾಡೊಂದು ಆಗ ಎಲ್ಲರ ಬಾಯಲ್ಲಿತ್ತು.

ಸೆಪ್ಟೆಂಬರಿನಲ್ಲಿ ಕೆಂಟಕಿಯಿಂದ ಸುಮಾರು ಮುನ್ನೂರು ಜನ ಹೊರಟರು. ಎಲ್ಲಿಸ್ ಎಂಬ ನಿಲ್ದಾಣದವರೆಗೆ ರೈಲು. ಅಲ್ಲಿಂದ ಮುಂದೆ ಸುಮಾರು 35 ಮೈಲಿಗಳ ನಡಿಗೆ. ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಬಂದವರು ಕಂಡದ್ದೇನು? ಮರವಿಲ್ಲ, ಮನೆಯಿಲ್ಲ, ಬೀದಿಯಿಲ್ಲ. ಗಾಳಿಗೆ ತಲೆದೂಗುವ ಹುಲ್ಲಿನ ಹೊರತು ಸ್ವಾಗತಿಸಲು ಯಾರೂ ಇಲ್ಲ. ಆ ವರ್ಷದ ಬೇಸಿಗೆಯಲ್ಲಿಯೇ ಬಂದಿದ್ದ ಕೆಲವೇ ಜನ ಬಿಲದಂತಹ ಗೂಡುಗಳಲ್ಲಿ ಬದುಕುತ್ತಿದ್ದರು. ಹಲವು ಕುಟುಂಬಗಳು ಬಂದ ದಾರಿಯಲ್ಲಿಯೇ ಹಿಂದಿರುಗಿದವು. ಮೋಸಹೋದೆವೆಂದು ಕೆರಳಿದ ಜನ ಹಿಲ್‌ನನ್ನು ನೇಣಿಗೇರಿಸಲು ಹುಡುಕಾಡಿದರೆಂದೂ, ಅವನು ಅಡಗಿಕೊಂಡು ಪಾರಾದನೆಂದೂ ಒಂದು ಕಥೆ ಇದೆ.

ಮುಂದಿನ ವಸಂತದಲ್ಲಿ, ಎಂದರೆ 1878ರಲ್ಲಿ, ಇನ್ನೊಂದು ತಂಡ ಬಂದಿತು. ಅದರ ಮುಂದಾಳು ಡೇನಿಯಲ್ ಹಿಕ್‌ಮನ್ ಎಂಬ ಪಾದ್ರಿ. ಅವನ ಪತ್ನಿ ವಿಲಿಯಾನಾ ಹಿಕ್‌ಮನ್ ಮುಪ್ಪಿನಲ್ಲಿ ತನ್ನ ನೆನಪುಗಳನ್ನು ಹೇಳಿದ್ದಾಳೆ. ಎಲ್ಲಿಸ್‌ನಲ್ಲಿ ತಂಗಿದ್ದಾಗ ದಡಾರ ಹರಡಿ ಮಕ್ಕಳು ತೀರಿಕೊಂಡವು. ರಸ್ತೆಯೇ ಇಲ್ಲದ ಬಯಲಿನಲ್ಲಿ ದಿಕ್ಸೂಚಿಯನ್ನು ನೋಡುತ್ತ, ಜಿಂಕೆ ಬೈಸನ್ನುಗಳು ತುಳಿದ ಜಾಡನ್ನು ಹಿಡಿದು ಬಂಡಿಗಳು ಸಾಗಿದವು. ಕೊನೆಗೊಮ್ಮೆ ಗಂಡಸರು, ‘ಅದೋ ನಿಕೊಡೆಮಸ್’ ಎಂದು ಕೂಗಿದಾಗ ಕಾಯಿಲೆಯಿಂದ ಬಳಲಿದ್ದ ಆಕೆ ಸಂತೋಷದಿಂದ ಎದ್ದು ನೋಡಿದಳು. ಎಷ್ಟು ನೋಡಿದರೂ ಊರು ಕಾಣಲಿಲ್ಲ. ಎಲ್ಲಿ ಎಂದು ಕೇಳಿದರೆ ಗಂಡ ನೆಲದಿಂದ ಮೇಲೇಳುತ್ತಿದ್ದ ಹೊಗೆಯತ್ತ ಬೆರಳು ಮಾಡಿದನಂತೆ. ಆ ಹೊಗೆಯ ಕೆಳಗೆ ಮನೆಗಳಿದ್ದವು. ಅವಳು ಅಳತೊಡಗಿದಳು.

ಆ ಮನೆಗಳ ರಚನೆ ತಿಳಿಯಬೇಕಾದದ್ದು. ದಿಣ್ಣೆಯ ಓರೆಯಲ್ಲಿ ಹಗೇವು ತೋಡಿದಂತೆ ನೆಲವನ್ನು ತೋಡುವುದು. ಮೇಲೆ ಹೊಳೆಯ ಅಂಚಿನಲ್ಲಿ ಸಿಕ್ಕಿದ ನಾಲ್ಕು ಕೊಂಬೆಗಳನ್ನು ಹಾಸುವುದು. ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಬೇರುಸಹಿತವಾದ ಮಣ್ಣಿನ ಹೆಂಟೆ. ಮುಂಭಾಗದಲ್ಲಿ ಒಂದು ಬಾಗಿಲು, ಸಾಧ್ಯವಿದ್ದರೆ ಒಂದು ಗವಾಕ್ಷಿ. ಕಟ್ಟಿಗೆ ದುರ್ಲಭವಾದ್ದರಿಂದ ಬಯಲಿನಲ್ಲಿ ಒಣಗಿ ಬಿದ್ದಿದ್ದ ಬೈಸನ್ನಿನ ಸೆಗಣಿಯೇ ಬೆರಣಿ. ಒಣಗಿದ ಸೂರ್ಯಕಾಂತಿಯ ಕಾಂಡವೇ ಸೌದೆ. ಬೇಸಿಗೆಯಲ್ಲಿ ತಂಪಾಗಿಯೂ ಚಳಿಗಾಲದಲ್ಲಿ ಬೆಚ್ಚಗೂ ಇದ್ದರೂ, ಮಳೆ ಬಂದರೆ ಮಾಡು ಕರಗಿ ಅನ್ನದ ಪಾತ್ರೆಗೆ ಬೀಳುವಂಥ ಮನೆ! ಇಂಥದೊಂದು ನೆಲದೊಳಗಿನ ವಸತಿಯಲ್ಲಿ 1877ರ ಅಕ್ಟೋಬರಿನಲ್ಲಿ ಹೆನ್ರಿ ವಿಲಿಯಮ್ಸ್ ಎಂಬ ಶಿಶು ಜನಿಸಿತು. ಈ ಊರಿನಲ್ಲಿ ಹುಟ್ಟಿದ ಮೊದಲನೆಯ ಮಗು ಅದು. ಗುಲಾಮನಾಗಿ ಹುಟ್ಟದ ಮಗು. ಆ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಪಾಲಿನ ಮಾಂಸವನ್ನು ಹಂಚಿಕೊಂಡು ಇವರ ಪ್ರಾಣ ಉಳಿಸಿದರೆಂದು ನಿಕೊಡೆಮಸಿನ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ತಮ್ಮ ನೆಲವನ್ನು ಕಳೆದುಕೊಂಡವರು ಆ ನೆಲಕ್ಕೆ ಬಂದವರಿಗೆ ಅನ್ನವಿಟ್ಟರು.

ಉಳಿದವರು ಉಳಿದರು. ನೇಗಿಲು ಎಳೆಯಲು ಕುದುರೆಗಳು ಬೆರಳೆಣಿಕೆಯಷ್ಟೇ ಇದ್ದುದರಿಂದ ಹಲವರು ಗುದ್ದಲಿಯಿಂದಲೇ ಬಯಲನ್ನು ಅಗೆದರು. ಗಂಡಸರು ದೂರದ ರೈಲು ಕಾಮಗಾರಿಗೂ ಬೇರೆಯವರ ಹೊಲಗಳಿಗೂ ಕೂಲಿಗೆ ಹೋಗಿ ಹಣ ಕಳುಹಿಸಿದರು. ಝೆಡ್. ಟಿ. ಫ್ಲೆಚರ್ ಎಂಬವನ ಕುಟುಂಬ ಅಂಚೆಮನೆಯನ್ನು ನಡೆಸಿತು, ಹೋಟೆಲು ತೆರೆಯಿತು. ಅವನ ಪತ್ನಿ ಮಕ್ಕಳಿಗೆ ಅಕ್ಷರ ಕಲಿಸಿದಳು. ಅಕ್ಷರ ಕಲಿಯುವುದೇ ಅಪರಾಧವಾಗಿದ್ದ ಕಾಲವನ್ನು ಕಂಡವರಿಗೆ ಆ ಶಾಲೆಯ ಬೆಲೆ ತಿಳಿದಿತ್ತು. ಹತ್ತು ವರ್ಷ ತುಂಬುವುದರೊಳಗಾಗಿ ಮಣ್ಣಿನ ಮಾಡಿನ ಜಾಗದಲ್ಲಿ ಸುಣ್ಣಕಲ್ಲಿನ ಗೋಡೆಗಳು ಎದ್ದವು. ಚರ್ಚುಗಳು, ಅಂಗಡಿಗಳು, ಬ್ಯಾಂಕು, ಕೊನೆಗೆ ‘ವೆಸ್ಟರ್ನ್ ಸೈಕ್ಲೋನ್’, ‘ಎಂಟರ್‌ಪ್ರೈಸ್’ ಎಂಬ ಎರಡು ವಾರಪತ್ರಿಕೆಗಳು ಕೂಡ! ಹಿಡಿಯಷ್ಟು ಊರಿಗೆ ಎರಡು ಪತ್ರಿಕೆಗಳೆಂದರೆ ಅಲ್ಲಿಯ ಜನರ ಉತ್ಸಾಹವನ್ನು ಊಹಿಸಬಹುದು. ಇಲ್ಲಿಗೆ 1878ರಲ್ಲಿ ಬಂದು ನೆಲೆಸಿದ ಎಡ್ವರ್ಡ್ ಮೆಕೇಬ್ ಎಂಬ ತರುಣನು 1882ರಲ್ಲಿ ಇಡೀ ಕ್ಯಾನ್ಸಾಸ್ ಸಂಸ್ಥಾನದ ಲೆಕ್ಕಪರಿಶೋಧಕನಾಗಿ ಚುನಾಯಿತನಾದನು.

ಇನ್ನು ಊರಿಗೆ ಬೇಕಾಗಿದ್ದುದು ರೈಲು. ಗೋಧಿಯನ್ನು ಬಂಡಿಯಲ್ಲಿ ಹೇರಿಕೊಂಡು ದಿನಗಟ್ಟಲೆ ನಡೆಯುವ ರೈತನಿಗೆ ನಿಲ್ದಾಣ ಹತ್ತಿರವಿದ್ದರೆ ಲಾಭ, ದೂರವಿದ್ದರೆ ಸಾಲ, ವ್ಯಾಪಾರಿಗೂ ಅಷ್ಟೇ. ಹುಲ್ಲುಬಯಲಿನ ಯಾವ ಊರು ಬದುಕಬೇಕು, ಯಾವುದು ಅಳಿಯಬೇಕು ಎಂಬುದನ್ನು ಆಗ ಬರೆಯುತ್ತಿದ್ದವರು ರೈಲು ಕಂಪನಿಯ ಮೋಜಣಿದಾರರು. 1887ರಲ್ಲಿ ನಿಕೊಡೆಮಸಿನ ಮತದಾರರು ಮಿಸೌರಿ ಪೆಸಿಫಿಕ್ ಕಂಪನಿಯನ್ನು ಒಲಿಸಿಕೊಳ್ಳುವುದಕ್ಕಾಗಿ 16,000 ಡಾಲರುಗಳ ಸಾಲಪತ್ರ ಬರೆದುಕೊಡಲು ಒಪ್ಪಿದರು. ಮಣ್ಣಿನ ಮನೆಗಳಿಂದ ಹೊರಬಂದು ಹತ್ತು ವರ್ಷವಾಗಿಲ್ಲದ ಜನ! ಆ ಕಂಪನಿ ಬರಲೇ ಇಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿ ಬಂದಿತು. ಆದರೆ ಅದರ ಹಳಿಗಳು ನದಿಯ ಆಚೆ ದಡದಲ್ಲಿ ಹಾದುಹೋದವು. ನಾಲ್ಕೈದು ಮೈಲಿಗಳ ದೂರದಲ್ಲಿ ಕೆಲಸಗಾರರು ಬಿಡಾರ ಹೂಡಿದ ಜಾಗವೇ ಬೋಗ್ ಎಂಬ ಹೊಸ ಊರಾಯಿತು. ಇದಕ್ಕೆ ಬಣ್ಣದ ದ್ವೇಷ ಕಾರಣವೋ ಬರಿಯ ವ್ಯಾಪಾರದ ಲೆಕ್ಕವೋ ಎಂಬ ವಾದ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ಪರಿಣಾಮವಂತೂ ಒಂದೇ. ಅಂಗಡಿಗಳು ಒಂದರ ಹಿಂದೆ ಒಂದು ಬೋಗಿಗೆ ನಡೆದವು, ಪತ್ರಿಕೆಗಳು ನಿಂತವು.

ಆಗಲೇ ಈ ಊರಿನ ಕಥೆ ಮುಗಿಯಬೇಕಾಗಿತ್ತು. ಹುಲ್ಲುಬಯಲಿನಲ್ಲಿ ಹೀಗೆ ಹುಟ್ಟಿ ಹೀಗೆಯೇ ಅಳಿದ ಊರುಗಳಿಗೆ ಲೆಕ್ಕವಿಲ್ಲ. ನಿಕೊಡೆಮಸ್ ಏಕೆ ಮುಗಿಯಲಿಲ್ಲವೆಂದರೆ, ವ್ಯಾಪಾರಿ ತನ್ನ ಸರಕನ್ನು ಹೇರಿಕೊಂಡು ಹೋಗಬಲ್ಲನು. ರೈತ ತನ್ನ ಹೊಲವನ್ನು ಹೇರಿಕೊಂಡು ಹೋಗಲಾರನು. ತಲೆತಲಾಂತರದಿಂದ ಪರರ ನೆಲವನ್ನು ಉತ್ತವರಿಗೆ ಮೊದಲ ಬಾರಿಗೆ ತಮ್ಮದೆಂಬ 160 ಎಕರೆ ದಕ್ಕಿತ್ತು. ಅವರು ಕದಲಲಿಲ್ಲ. ಪೇಟೆ ಹೋದರೂ ಸುತ್ತಲಿನ ವಸತಿ ನಿಂತಿತು. 1907ರಲ್ಲಿ ಬ್ಯಾಪ್ಟಿಸ್ಟರ ಕಲ್ಲಿನ ಚರ್ಚು, 1918ರಲ್ಲಿ ಶಾಲೆಗೆ ಕಟ್ಟಡ ಎದ್ದುದೆಲ್ಲ ರೈಲು ಕೈಕೊಟ್ಟ ಮೇಲೆಯೇ.

ರೈಲಿಗೆ ಜಗ್ಗದವರನ್ನು ಜಗ್ಗಿಸಿದುದು ಮುಗಿಲು. ಮಳೆಯ ನಾಡಿಗೂ ಒಣನಾಡಿಗೂ ನಡುವಿನ ಗೆರೆಯೆಂದು ಹೇಳಲಾಗುವ ನೂರನೆಯ ರೇಖಾಂಶವು ಈ ಊರಿನಿಂದ ಪಶ್ಚಿಮಕ್ಕೆ ಸುಮಾರು 20 ಮೈಲಿ ದೂರದಲ್ಲಿದೆ. ಒಳ್ಳೆಯ ವರ್ಷಗಳಲ್ಲಿ ಕೈತುಂಬ ಗೋಧಿ. ಕೆಟ್ಟ ವರ್ಷಗಳಲ್ಲಿ ಬರಿಯ ಧೂಳು. 1930ರ ದಶಕದಲ್ಲಿ ಆರ್ಥಿಕ ಕುಸಿತವೂ ಬರಗಾಲವೂ ಒಟ್ಟಿಗೆ ಎರಗಿದಾಗ ಉತ್ತ ನೆಲವೇ ಗಾಳಿಗೆ ಎದ್ದು ಹಾರಿತು. 1935ರ ವೇಳೆಗೆ ಊರಿನಲ್ಲಿ 76 ಜನ ಉಳಿದಿದ್ದರು. 1950ರ ವೇಳೆಗೆ 16. 1953ರಲ್ಲಿ ಅಂಚೆಮನೆ ಮುಚ್ಚಿತು.

ಇದು ನಿಕೊಡೆಮಸಿನದೊಂದೇ ಪಾಡಲ್ಲ. ಟ್ರ್ಯಾಕ್ಟರೂ ಕೊಯ್ಲಿನ ಯಂತ್ರವೂ ಬಂದ ಮೇಲೆ ಹತ್ತು ಮನೆಯವರ ಹೊಲವನ್ನು ಒಬ್ಬನೇ ಸಾಗುವಳಿ ಮಾಡಬಹುದಾಯಿತು, ಮಾಡದಿದ್ದರೆ ಗಿಟ್ಟದಂತಾಯಿತು. 1910ರಲ್ಲಿ ಎಂಟು ಸಾವಿರಕ್ಕೆ ಮೀರಿದ್ದ ಇಲ್ಲಿಯ ಗ್ರಹಾಮ್ ಜಿಲ್ಲೆಯ ಜನಸಂಖ್ಯೆ 2020ರಲ್ಲಿ 2,415ಕ್ಕೆ ಇಳಿದಿತ್ತು. ರೈಲನ್ನು ಗೆದ್ದುಕೊಂಡ ಬೋಗ್ ಕೂಡ ಈಗ ನೂರೈವತ್ತರ ಆಸುಪಾಸಿನ ಒಂದು ಹಳ್ಳಿ.

ಹೋದವರು ಎಲ್ಲಿಗೆ ಹೋದರು? ಡೆನ್ವರ್, ಕ್ಯಾನ್ಸಾಸ್ ಸಿಟಿ, ವಿಚಿಟಾ, ಟೊಪೀಕ, ದೂರದ ಕ್ಯಾಲಿಫೋರ್ನಿಯ. ಅವರಲ್ಲೊಬ್ಬ ವೆರಿಲ್ ಸ್ವಿಟ್ಜರ್ ಎಂಬವನು ಇಲ್ಲಿಯ ಹೊಲಗಳಲ್ಲಿ ಬೆಳೆದು 1954ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಎಂಬ ಪ್ರಖ್ಯಾತ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾದನು. ಆದರೆ ಹೋದವರು ಊರನ್ನು ಬಿಟ್ಟುಕೊಡಲಿಲ್ಲ. ಬ್ರಿಟಿಷರ ವೆಸ್ಟ್ ಇಂಡೀಸಿನಲ್ಲಿ 1834ರ ಆಗಸ್ಟ್ 1ರಂದು ಗುಲಾಮಗಿರಿ ರದ್ದಾದ ನೆನಪಿಗೆ ನಿಕೊಡೆಮಸಿನ ಮೊದಲಿಗರು 1878ರಿಂದಲೇ ಒಂದು ಬಿಡುಗಡೆಯ ಹಬ್ಬವನ್ನು ಆಚರಿಸತೊಡಗಿದ್ದರು. ತೋಪಿನಲ್ಲಿ ಅಡುಗೆ, ಬೇಸ್‌ಬಾಲ್, ಕುಸ್ತಿಯಂಥ ಮುಷ್ಟಿಯುದ್ಧ, ಹಾಡು, ಪ್ರಾರ್ಥನೆ. ಹಬ್ಬದ ಹೆಸರು ಈಗ ‘ಹೋಮ್‌ಕಮಿಂಗ್’. ಎಂದರೆ ಮನೆಗೆ ಮರಳುವುದು. ಪ್ರತಿ ವರ್ಷ ಜುಲೈ ತಿಂಗಳ ಕೊನೆಯ ವಾರಾಂತ್ಯದಲ್ಲಿ ನೂರಾರು ಜನ ತಮ್ಮ ಮುತ್ತಜ್ಜಂದಿರ ಊರಿಗೆ ಜಾತ್ರೆಗೆಂಬಂತೆ ಬಂದು ಸೇರುತ್ತಾರೆ. 1980ರ ದಶಕದ ಕೊನೆಯಲ್ಲಿ ಇತಿಹಾಸ ಸಂಘವನ್ನು ಕಟ್ಟಿಕೊಂಡು, ಸರ್ಕಾರದ ಬಾಗಿಲನ್ನು ತಟ್ಟಿ, 1996ರ ಘೋಷಣೆಯನ್ನು ದೊರಕಿಸಿಕೊಂಡವರೂ ಈ ವಂಶಸ್ಥರೇ. ಎರಡು ಚರ್ಚುಗಳು, ಶಾಲೆ, ಫ್ಲೆಚರ್ ಕುಟುಂಬದ ಹೋಟೆಲು, 1939ರ ಪುರಭವನ ಎಂಬ ಐದು ಕಟ್ಟಡಗಳು ಈ ಐತಿಹಾಸಿಕ ಸ್ಥಳಕ್ಕೆ ಸೇರಿವೆ.

ಅಮೆರಿಕದ ಖಾನೇಸುಮಾರಿಯವರು ಹತ್ತು ವರ್ಷಕ್ಕೊಮ್ಮೆ ಎಣಿಸುವುದು ಏಪ್ರಿಲ್ ಒಂದರ ಲೆಕ್ಕ. ಅಂದು ನಿಕೊಡೆಮಸಿನ ಹೊಲಗಳಲ್ಲಿ ಚಳಿಗಾಲದ ಗೋಧಿ ಇನ್ನೂ ಹಸುರಾಗಿರುತ್ತದೆ. ಅದು ಹಣ್ಣಾಗಿ, ಕೊಯ್ಲು ಮುಗಿದು, ಕೂಳೆ ಮಾತ್ರ ಉಳಿದಿರುವಾಗ ಡೆನ್ವರಿನ ಕಡೆಯಿಂದಲೂ ಕ್ಯಾನ್ಸಾಸ್ ಸಿಟಿಯ ಕಡೆಯಿಂದಲೂ ಕಾರುಗಳು ಬರತೊಡಗುತ್ತವೆ.